ಅಣ್ಣ ಮಾಡಿದ ಒಂದೇ ಸಿನಿಮಾ

ನನ್ನ ಅಣ್ಣ ಯೋಗೀಶ ಒಂದು ಸಿನಿಮಾ ಮಾಡಿದ್ದಾನೆ. ಕಥೆ ಅವನದು, ಚಿತ್ರಕಥೆ ಅವನದು, ನಿರ್ದೇಶನವೂ ಅವನದೇ. ಇದನ್ನು ಹೇಳಿದರೆ ನಂಬುವವರು ಈಗ ನಾಲ್ಕೈದು ಜನ ಇರಬಹುದು, ಅದರಲ್ಲಿ ನಾನೊಬ್ಬಳು. ಆ ಸಿನಿಮಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ನಾನು ಭವ್ಯಶ್ರೀ. ಹೊಸಂಗಡಿಯಲ್ಲಿ ಬಸ್ಸು ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ ಆಚೆ ನನ್ನ ಹೊಲಿಗೆ ಅಂಗಡಿ. ಬಾಯಿ ಜೋರು ಎಂದು ನನಗೆ ಹೆಸರಿದೆ, ಇರಲಿ. ಅಣ್ಣನಿಗೆ ಬಾಯಿಯೇ ಇಲ್ಲ. ಅವನ ಪಾಲಿನದ್ದನ್ನೂ ನಾನೇ ಮಾತಾಡುತ್ತೇನೆಂದು ಚಿಕ್ಕಂದಿನಲ್ಲಿ ಅಪ್ಪ ತಮಾಷೆ ಮಾಡುತ್ತಿದ್ದ. ಮನೆಯಲ್ಲಿ ನಾವು ಮಾತಾಡುವುದು ತುಳು. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ.

ನಮ್ಮ ಮನೆ ಗಡಿಯಾಚೆ ಕೇರಳಕ್ಕೆ ಸೇರಿದ ಬೆಳ್ಳೂರಿನಲ್ಲಿ. ಅಪ್ಪನ ಹೆಸರು ಬಟ್ಯ, ಸುರಂಗ ತೋಡುವವನು. ನಮ್ಮ ಕಡೆ ನೀರಿಗಾಗಿ ಗುಡ್ಡದ ಒಳಗೆ ಅಡ್ಡಕ್ಕೆ ಕೊರೆದುಕೊಂಡು ಹೋಗುತ್ತಾರೆ, ಬಾವಿಯನ್ನು ಮಲಗಿಸಿದಂತೆ. ಅದೇ ಸುರಂಗ. ಬೆನ್ನು ಬಗ್ಗಿಸಿ ಹೋಗುವಷ್ಟೇ ಎತ್ತರ. ಮುಂದೆ ಅಪ್ಪ ಪಿಕ್ಕಾಸು ಹಿಡಿದು ಕಡಿಯುವುದು, ಹಿಂದೆ ಅಮ್ಮ, ಅವಳ ಹೆಸರು ಕಿನ್ನಿ, ಮಣ್ಣು ತುಂಬಿದ ಬುಟ್ಟಿ ಎಳೆದುಕೊಂಡು ಹೊರಗೆ ಬರುವುದು. ಒಳಗೆ ಒಂದು ಮೇಣದ ಬತ್ತಿ ಉರಿಯುತ್ತಿರಬೇಕು. ಅದು ಆರಿದರೆ ಉಸಿರಾಡಲು ಗಾಳಿ ಸಾಲದು ಎಂದು ಅರ್ಥ, ಕೆಲಸ ಬಿಟ್ಟು ಹೊರಗೆ ಬರಬೇಕು. ನನ್ನ ಅಪ್ಪ ಅಮ್ಮ ಮದುವೆಯಾದ ಹೊಸದರಲ್ಲಿ ಊರಿನ ದೊಡ್ಡ ಮನೆಗೆ ತೋಡಿದ ಸುರಂಗದಲ್ಲಿ ಈಗಲೂ ನೀರಿದೆ. ಆ ಮನೆಯ ಯಜಮಾನರು ಪ್ರೇಮನಾಥಣ್ಣ. ಅಮ್ಮನಿಗೆ ಮಾತ್ರ ಅವರು ಯಾವತ್ತೂ ದಣಿಗಳು.

ಅಣ್ಣ ಹತ್ತನೆಯ ತರಗತಿ ಮುಗಿಸಿ ಬೋರ್ಡು ಬರೆಯಲು ಸೇರಿಕೊಂಡ. ಹೊಸಂಗಡಿಯ ಅರ್ಧ ಅಂಗಡಿಗಳ ಬೋರ್ಡು ಅವನ ಕೈಯದ್ದಾಗಿತ್ತು. 2001ರಲ್ಲಿ ಪೇಪರಿನ ಜಾಹೀರಾತು ನೋಡಿ ತಿರುವನಂತಪುರಕ್ಕೆ ಹೋದ. ಅಲ್ಲೊಂದು ಸ್ಟುಡಿಯೋದಲ್ಲಿ ಹೊರದೇಶದ ಮಕ್ಕಳಿಗಾಗಿ ಕಾರ್ಟೂನು ಬಿಡಿಸುತ್ತಿದ್ದರು. ಓಣಂ ರಜೆಗೆ ಊರಿಗೆ ಬಂದವನನ್ನು ನಾನು ಕೂರಿಸಿ ಕೇಳಿದೆ.

"ನಿನ್ನ ಕೆಲಸ ಎಂತದ್ದು, ಸರಿ ಹೇಳು."

"ಒಂದು ಬಾತುಕೋಳಿ ರೆಕ್ಕೆ ಎತ್ತುದು ಅಂತ ಇಟ್ಕೊ," ಎಂದ. "ರೆಕ್ಕೆ ಕೆಳಗಿರುವ ಚಿತ್ರ ಒಂದು, ಮೇಲಿರುವ ಚಿತ್ರ ಒಂದು. ಅದೆರಡು ದೊಡ್ಡವರು ಮಾಡ್ತಾರೆ. ನಡುವಿನ ಏಳು ಚಿತ್ರ ನನ್ನದು."

"ಟೀವಿಯಲ್ಲಿ ನಿನ್ನ ಹೆಸರು ಬರ್ತದಾ?"

"ನಡುವಿನವರ ಹೆಸರೆಲ್ಲ ಹಾಕ್ಲಿಕ್ಕೆ ಹೊರಟ್ರೆ ಕಾರ್ಟೂನಿಗಿಂತ ಹೆಸರೇ ಉದ್ದ ಆದೀತು," ಎಂದು ನಕ್ಕ.

ಅವನು ನಕ್ಕದ್ದು ನನಗೆ ಹಿಡಿಸಲಿಲ್ಲ. ಐದು ವರ್ಷ ಆ ಬಾತುಕೋಳಿಯ ನಡುವಿನ ಚಿತ್ರಗಳನ್ನೇ ಬಿಡಿಸಿದ. ಆಮೇಲೆ ಮೊದಲ ಮತ್ತು ಕೊನೆಯ ಚಿತ್ರ ಬಿಡಿಸುವವರ ಸಾಲಿಗೆ ಏರಿದ. ಅಷ್ಟು ಹೊತ್ತಿಗೆ ಕಾಗದ ಪೆನ್ಸಿಲು ಹೋಗಿ ಕಂಪ್ಯೂಟರ್ ಬಂತು, ಅದನ್ನೂ ಕಲಿತ. ಮುಂದೆ ಕೊಚ್ಚಿಗೆ ಹೋದ. ಅಲ್ಲಿ ಮಲಯಾಳ ಸಿನಿಮಾದವರು ಚಿತ್ರೀಕರಣಕ್ಕೆ ಮೊದಲು ಪ್ರತಿಯೊಂದು ಶಾಟನ್ನೂ ಅವನ ಕೈಯಲ್ಲಿ ಬಿಡಿಸಿಕೊಳ್ಳುತ್ತಿದ್ದರು. ಕ್ಯಾಮೆರಾ ಎಲ್ಲಿಡಬೇಕು, ಯಾರು ಎತ್ತ ತಿರುಗಬೇಕು ಎಲ್ಲವೂ ಕಾಗದದ ಮೇಲೆ ತಯಾರು. ಹೀಗೆ ಬಿಡಿಸುತ್ತ ಬಿಡಿಸುತ್ತ ಅವನಿಗೆ ಸಿನಿಮಾ ಮಾಡುವುದು ಬಂತು. ಮದುವೆ ಮಾಡಿಕೊ ಎಂದರೆ, ಒಂದು ಸಿನಿಮಾ ಆಗಲಿ ಎನ್ನುತ್ತಿದ್ದ. ಅವನಿಗೆ ಬೇಕಾದದ್ದು ಅಷ್ಟೇ: ತನ್ನದೆಂದು ಹೇಳಿಕೊಳ್ಳುವ ಒಂದು ಸಿನಿಮಾ, ಅದರ ಮೇಲೆ ತನ್ನ ಹೆಸರು. ಹತ್ತು ವರ್ಷ ಬೇರೆಯವರ ಚಿತ್ರಗಳ ನಡುವೆ ಕೂತವನು ಕೇಳುವುದರಲ್ಲಿ ತಪ್ಪೇನಿದೆ?

2011ರಲ್ಲಿ ಅಪ್ಪ ತೀರಿಕೊಂಡ. ಅದಾದ ಮೇಲೆ ಅಣ್ಣ ಊರಿಗೆ ಬಂದಾಗಲೆಲ್ಲ ಅಮ್ಮನ ಮುಂದೆ ಕೂತು ಸುರಂಗದ ಬಗ್ಗೆ ಕೇಳತೊಡಗಿದ. ಅಮ್ಮ ಬೀಡಿ ಕಟ್ಟುತ್ತ ಹೇಳುವುದು, ಅವನು ಬಿಡಿಸುವುದು. ಬತ್ತಿ ಆರಿದ ದಿನ ಅಪ್ಪ ಹೇಗೆ ಅವಳನ್ನು ಮುಂದೆ ತಳ್ಳಿ ಹಿಂದಿನಿಂದ ಬಂದ, ಮೊದಲ ನೀರು ಕಾಲಿಗೆ ತಾಗಿದಾಗ ಇಬ್ಬರೂ ಹೇಗೆ ಮಾತಿಲ್ಲದೆ ಕೂತರು, ಎಲ್ಲ. ಅದರಲ್ಲಿ ಬತ್ತಿಯ ಭಾಗವನ್ನಷ್ಟೇ ಹಿಡಿದು ಆರು ನಿಮಿಷದ ಆನಿಮೇಶನ್ ಮಾಡಿದ. 2014ರಲ್ಲಿ ಅದನ್ನು ಕಾರಡ್ಕದ ಒಂದು ಶಾಲೆಯಲ್ಲಿ ತೋರಿಸಿದಾಗ ಅತಿಥಿಯಾಗಿ ಬಂದವರು ಪ್ರೇಮನಾಥಣ್ಣ. ನೋಡಿ ಕಣ್ಣೊರೆಸಿಕೊಂಡರು, ಅದು ಸುಳ್ಳಲ್ಲ, ನಾನೇ ಕಂಡಿದ್ದೇನೆ.

"ಯೋಗೀಶಾ, ಇದನ್ನು ದೊಡ್ಡ ಸಿನಿಮಾ ಮಾಡು ಮಾರಾಯ, ತುಳುವಿನಲ್ಲಿ," ಎಂದರು. "ದುಡ್ಡು ಹಾಕಿ ಮಾಡಿಸುವವ ನಾನುಂಟು. ನಿನ್ನ ಅಪ್ಪ ನಮಗೆ ನೀರು ಕೊಟ್ಟವ."

ಅಣ್ಣ ಒಂದೂವರೆ ವರ್ಷ ಕೂತು ಚಿತ್ರಕಥೆ ಮಾಡಿದ. ಅಕ್ಷರಕ್ಕಿಂತ ಚಿತ್ರವೇ ಹೆಚ್ಚು. ಸಾವಿರದ ನೂರಕ್ಕೂ ಮಿಕ್ಕಿ ಹಾಳೆಗಳು. ಅವುಗಳನ್ನು ಒಂದು ತಗಡಿನ ಪೆಟ್ಟಿಗೆಗೆ ಹಾಕಿ ಅಮ್ಮನ ಮನೆಯಲ್ಲಿಟ್ಟ. ಕೊಚ್ಚಿಯ ಸ್ನೇಹಿತರು ಅವನಿಗೆ ಸ್ಪಷ್ಟವಾಗಿ ಹೇಳಿದ್ದರು, ಮೊದಲು ಕರಾರು ಮಾಡಿಕೊ ಎಂದು. ಮಾದರಿಯನ್ನೂ ಬರೆದುಕೊಟ್ಟಿದ್ದರು. ಅದನ್ನು ಹಿಡಿದು ದೊಡ್ಡ ಮನೆಗೆ ಹೊರಟವನನ್ನು ಅಮ್ಮ ಬಾಗಿಲಲ್ಲೇ ತಡೆದಳು.

"ಕಾಗದ ಕೇಳ್ಲಿಕ್ಕೆ ಹೋಗುದಾ ಆ ಮನೆಯಲ್ಲಿ? ಈ ಹತ್ತು ಸೆಂಟ್ಸ್ ಜಾಗ ಬಿಟ್ಟುಕೊಟ್ಟದ್ದು ಯಾರು? ನಿನ್ನ ಅಪ್ಪ ಕಾಗದ ಕೇಳಿದ್ದಾನಾ?"

ಅಪ್ಪ ಕೇಳಬೇಕಾಗಿರಲಿಲ್ಲ, ಸರಕಾರ ಕೇಳಿತ್ತು. ಕೇರಳದಲ್ಲಿ ಭೂಸುಧಾರಣೆ ಬಂದಾಗ ದಣಿಗಳ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆಲ್ಲ ಹತ್ತು ಸೆಂಟ್ಸ್ ಸಿಕ್ಕಿತು. ನಮ್ಮದರ ಪಟ್ಟೆಯ ಕಾಗದ ಮೊದಲು ಅಜ್ಜನ ಹೆಸರಿನಲ್ಲಿ, ಆಮೇಲೆ ಅಪ್ಪನ ಹೆಸರಿನಲ್ಲಿ ಚೆಂದಕ್ಕೆ ಇದೆ. ಇದನ್ನು ನಾನು ಅಮ್ಮನಿಗೆ ನೂರು ಸಲ ಓದಿ ಹೇಳಿದ್ದೇನೆ. ಅವಳ ಪ್ರಕಾರ ಕಾನೂನು ತಿರುವನಂತಪುರದಲ್ಲಿ ಇರುವುದು. ಬೆಳ್ಳೂರಿನಲ್ಲಿ ದೊಡ್ಡ ದಣಿಗಳು, ಎಂದರೆ ಪ್ರೇಮನಾಥಣ್ಣನ ಅಪ್ಪ, ಜಗಳ ಮಾಡದೆ ಬಿಟ್ಟುಕೊಟ್ಟರು, ಆದ್ದರಿಂದ ಅದು ಅವರ ಉಪಕಾರ. ಅಣ್ಣ ಆ ಮಾದರಿ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡು ಹಿಂದೆ ಬಂದ. ಅವತ್ತು ಅವನನ್ನು ಎಳೆದುಕೊಂಡಾದರೂ ಹೋಗಬೇಕಿತ್ತು. ನಾನು ಹೋಗಲಿಲ್ಲ, ಅಮ್ಮನ ಜೊತೆ ಜಗಳ ಯಾಕೆ ಎಂದುಕೊಂಡೆ.

2016ರ ಮಳೆಗಾಲ ಮುಗಿದ ಮೇಲೆ ಚಿತ್ರೀಕರಣ ಸುರುವಾಯಿತು. ನಾನು ಬಟ್ಟೆಗಳನ್ನು ಹೊಲಿದುಕೊಟ್ಟವಳು, ಆದ್ದರಿಂದ ಎಲ್ಲವನ್ನೂ ಕಣ್ಣಾರೆ ನೋಡಿದ್ದೇನೆ. ಮಾತೇ ಬಾರದ ನನ್ನ ಅಣ್ಣ ಅಲ್ಲಿ ಬೇರೆ ಮನುಷ್ಯನಾಗಿದ್ದ. ಹಾಳೆಯನ್ನು ಎತ್ತಿ ಹಿಡಿದರೆ ಸಾಕು, ಕ್ಯಾಮೆರಾದವನೂ ನಟರೂ ಅವನು ಹೇಳಬೇಕೆಂದಿದ್ದುದನ್ನು ತಿಳಿದುಕೊಳ್ಳುತ್ತಿದ್ದರು. ಅಮ್ಮನ ಪಾತ್ರ ಮಾಡಿದ ಹುಡುಗಿಗೆ ಬುಟ್ಟಿ ಎಳೆಯುವುದನ್ನು ಸ್ವತಃ ಅಮ್ಮನೇ ಕಲಿಸಿದಳು. ಪ್ರೇಮನಾಥಣ್ಣನ ಮಗ ಸುಜನ್ ಆಗ ದುಬೈಯಿಂದ ಬಂದು ಮನೆಯಲ್ಲೇ ಇದ್ದ. ಹೋದ ಎರಡು ಕಡೆಯೂ ಅವನಿಗೆ ಕೆಲಸ ಉಳಿದಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಅಣ್ಣನ ಪಕ್ಕದಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದ. "ಯೋಗಿ, ಸೂಪರ್," ಎಂದು ಆಗಾಗ ಹೇಳುವುದು, ಊಟದ ಹೊತ್ತಿಗೆ ಎದ್ದು ಹೋಗುವುದು. ಕೆಟ್ಟವನೆಂದು ನನಗೆ ಅನಿಸಿರಲಿಲ್ಲ.

ಚಿತ್ರೀಕರಣ ಮುಗಿದಾಗ ಒಂದು ಭಾಗ ಉಳಿಯಿತು. ಬತ್ತಿ ಆರಿದ ಮೇಲೆ ಸುರಂಗದೊಳಗಿನ ಕತ್ತಲೆಯನ್ನು ಕ್ಯಾಮೆರಾದಲ್ಲಿ ಹಿಡಿಯಲು ಆಗುವುದಿಲ್ಲ, ಅದನ್ನು ಕೈಯಲ್ಲೇ ಬಿಡಿಸುತ್ತೇನೆ ಎಂದ ಅಣ್ಣ. ನಾಲ್ಕು ನಿಮಿಷಕ್ಕೆ ಮೂರು ಸಾವಿರದ ಹತ್ತಿರ ಚಿತ್ರಗಳು. ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಐದು ತಿಂಗಳು ಕೂತ. ಊಟಕ್ಕೆ ಕರೆದರೆ ಬೆರಳೆಲ್ಲ ಕಪ್ಪು ಮಾಡಿಕೊಂಡು ಇಳಿದು ಬರುತ್ತಿದ್ದ. ಈ ಸಲ ಮೊದಲನೆಯ ಚಿತ್ರವೂ ನನ್ನದೇ, ಕೊನೆಯದೂ ನನ್ನದೇ, ನಡುವಿನದ್ದೂ ನನ್ನದೇ ಎಂದು ಒಮ್ಮೆ ಹೇಳಿದ. ಅವನು ಅಷ್ಟು ಸಂತೋಷವಾಗಿದ್ದುದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಆ ಐದು ತಿಂಗಳು ಮಂಗಳೂರಿನಲ್ಲಿ ಎಡಿಟಿಂಗ್ ನೋಡಿಕೊಂಡವನು ಸುಜನ್.

2018ರ ಜನವರಿಯಲ್ಲಿ ಮಂಗಳೂರಿನ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ನಾವು ಮೂವರು ಹೊಸ ಬಟ್ಟೆ ಹಾಕಿಕೊಂಡು ಹೋದೆವು. ದೀಪ ಆರಿತು, ಗುಡ್ಡ ಕಂಡಿತು, ಹೆಸರುಗಳು ಬರಲು ಸುರುವಾದವು. ಕಥೆ, ಚಿತ್ರಕಥೆ, ನಿರ್ದೇಶನ ಎಂದು ಒಂದು ಸಾಲು ಬಂತು. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಸುಜನ್ ಎಂದಿತ್ತು.

ನಾನು ಕಣ್ಣುಜ್ಜಿ ನೋಡುವಷ್ಟರಲ್ಲಿ ಅದು ಹೋಯಿತು. ಅಣ್ಣನ ಹೆಸರು ಆಮೇಲೆ ಬಂತು, ಊಟ ತಂದುಕೊಟ್ಟವರ ಮತ್ತು ವ್ಯಾನಿನವರ ಹೆಸರಿನ ಸಾಲಿನಲ್ಲಿ: ಚಿತ್ರ ಸಹಾಯ, ಯೋಗೀಶ್ ಬೆಳ್ಳೂರು. ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ, ಕೈ ಹಿಡಿದುಕೊಂಡೆ. ಅವನು ಪೂರ್ತಿ ಸಿನಿಮಾ ನೋಡಿದ, ಕತ್ತಲೆಯ ನಾಲ್ಕು ನಿಮಿಷ ಬಂದಾಗ ಇಡೀ ಥಿಯೇಟರ್ ಉಸಿರು ಹಿಡಿದು ಕೂತದ್ದನ್ನೂ ನೋಡಿದ. ಕೊನೆಯಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುಜನ್ ವೇದಿಕೆಗೆ ಹೋಗಿ ಕೈ ಮುಗಿದ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಸಿನಿಮಾದಲ್ಲಿ ಅಪ್ಪನನ್ನು ಕಂಡು ಅಳುತ್ತಿದ್ದಾಳೆ ಎಂದುಕೊಂಡೆ. ಪಾಪ, ಓದಲು ಬರುವುದಿಲ್ಲ, ಮಗನಿಗೆ ಆದದ್ದು ಅವಳಿಗೆ ಗೊತ್ತಾಗಿಲ್ಲ ಎಂದುಕೊಂಡು ನಾನು ಹೇಳಲೂ ಇಲ್ಲ.

ಹೊರಗೆ ಹಾರ ಹಾಕಿಕೊಂಡು ನಿಂತಿದ್ದ ಸುಜನನ ಹತ್ತಿರ ಅಣ್ಣ ಹೋದ. ಹಿಂದೆ ನಾನೂ ಹೋದೆ.

"ಸುಜನ್, ಟೈಟಲಿನಲ್ಲಿ ಎಂತದೋ ತಪ್ಪಾಗಿದೆ," ಎಂದ ಅಣ್ಣ. ಇಷ್ಟಾದರೂ ತಪ್ಪು ಎಂದೇ ಹೇಳಿದ, ಮೋಸ ಎನ್ನಲಿಲ್ಲ.

ಸುಜನ್ ಗಲಿಬಿಲಿಗೊಂಡ. "ಎಂತ ಯೋಗಿ ಹೀಗೆ ಹೇಳ್ತಿ? ಎಲ್ಲ ಮಾತಾಡಿ ಆಗಿದೆ ಅಲ್ವಾ?" ಎಂದ. ಅಷ್ಟರಲ್ಲಿ ಯಾರೋ ಅವನನ್ನು ಫೋಟೋಕ್ಕೆ ಎಳೆದುಕೊಂಡು ಹೋದರು.

ಮಾತಾಡಿದ್ದು ಯಾರು, ಯಾರ ಹತ್ತಿರ? ನಮಗೆ ತಲೆಬುಡ ಅರ್ಥವಾಗಲಿಲ್ಲ. ಮರುದಿನ ಅಣ್ಣ ದೊಡ್ಡ ಮನೆಗೆ ಹೋದಾಗ ಪ್ರೇಮನಾಥ ಸಿಗಲಿಲ್ಲ. ಹೌದು, ಇಲ್ಲಿಂದ ಮುಂದೆ ಅವನಿಗೆ ನನ್ನ ಬಾಯಲ್ಲಿ ಅಣ್ಣ ಎಂದು ಬರುವುದಿಲ್ಲ. ಮತ್ತೆ ಎರಡು ಸಲ ಹೋದಾಗಲೂ ಸಿಗಲಿಲ್ಲ, ಫೋನನ್ನೂ ಎತ್ತಲಿಲ್ಲ. ಆಮೇಲೆ ನಾನೇ ಅಣ್ಣನನ್ನು ಕೂರಿಸಿ ಸಿನಿಮಾದವರ ಸಂಘಕ್ಕೆ ದೂರು ಬರೆಯಿಸಿದೆ. ಸಂಘದ ಕಾರ್ಯದರ್ಶಿ ಗೌರೀಶಂಕರ ಎಂಬವರು ಒಳ್ಳೆಯ ಮನುಷ್ಯ. ದೂರು ಓದಿ ಫೋನು ಮಾಡಿದರು.

"ಬಾಯಿಮಾತಿಗೆ ಎದುರು ಬಾಯಿಮಾತು ಆದ್ರೆ ಕಷ್ಟ ಉಂಟು," ಎಂದರು. "ನಿಮ್ಮ ಕೈಯಲ್ಲಿ ಬಿಡಿಸಿದ ಹಾಳೆಗಳುಂಟು ಅಂದ್ರಲ್ಲ, ಅದನ್ನು ತನ್ನಿ. ಒಂದೊಂದು ಶಾಟೂ ತಾಳೆ ಆದ್ರೆ ಮತ್ತೆ ಯಾರೂ ಮಾತಾಡ್ಲಿಕ್ಕಿಲ್ಲ. ಹೆಸರು ಬದಲಿಸಿಯೇ ಸಿನಿಮಾ ಮುಂದೆ ಹೋಗ್ಬೇಕು."

ಮಾರ್ಚ್ ತಿಂಗಳ ಎರಡನೆಯ ಶನಿವಾರ ಸಭೆ ಎಂದು ಗೊತ್ತಾಯಿತು. ಅಣ್ಣ ಸಭೆಗೆ ಉಳಿದಿದ್ದ ಎರಡು ವಾರ ಸರಿಯಾಗಿ ಊಟ ಮಾಡಿದ. ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ಪೆಟ್ಟಿಗೆ ತರಲು ಬೆಳ್ಳೂರಿಗೆ ಹೋದೆವು. ಅಮ್ಮ ನೀರುದೋಸೆ ಹೊಯ್ಯುತ್ತಿದ್ದಳು. ಅಣ್ಣ ಒಳಗೆ ಹೋದವನು ಮಂಚದ ಕೆಳಗೆ ಬಗ್ಗಿ ನೋಡಿದ, ಅಟ್ಟಕ್ಕೆ ಹತ್ತಿ ನೋಡಿದ, ಹಿಂದೆ ಬಂದ.

"ಅಮ್ಮ, ಪೆಟ್ಟಿಗೆ ಎಲ್ಲಿ?"

ಅಮ್ಮ ಕಾವಲಿಯ ಮೇಲಿನ ದೋಸೆಯನ್ನು ತೆಗೆದು ತಟ್ಟೆಗೆ ಹಾಕಿದಳು. ಒಲೆಯ ಬೆಂಕಿಯನ್ನು ಹಿಂದಕ್ಕೆ ಎಳೆದಳು. "ದಣಿಗಳ ಮನೆಯಲ್ಲಿ ಉಂಟು," ಎಂದಳು.

"ಅಲ್ಲಿಗೆ ಹೇಗೆ ಹೋಯ್ತು?"

"ನಾನೇ ತಲೆಯಲ್ಲಿ ಇಟ್ಕೊಂಡು ಹೋಗಿ ಕೊಟ್ಟೆ."

ಆಮೇಲೆ ಅವಳು ಹೇಳಿದ್ದನ್ನು ನಾನು ಮರೆಯಬೇಕೆಂದರೂ ಆಗುವುದಿಲ್ಲ. ಅಣ್ಣ ನನ್ನ ಅಂಗಡಿಯ ಮೇಲೆ ಕತ್ತಲೆ ಬಿಡಿಸುತ್ತಿದ್ದ ದಿನಗಳಲ್ಲಿ ಪ್ರೇಮನಾಥನ ಹೆಂಡತಿ ಪುಷ್ಪಾವತಿ ನಮ್ಮ ಮನೆಗೆ ಬಂದಿದ್ದರಂತೆ. ಆ ಮನೆಯವರು ಹಿಂದೆಯೂ ಬಂದದ್ದುಂಟು. ಬಂದರೆ ಅಂಗಳದಲ್ಲಿ ನಿಲ್ಲುವುದು, ನಾಳೆ ಬಾ ಎಂದೋ ಇಂಥ ಕೆಲಸವಿದೆ ಎಂದೋ ಹೇಳುವುದು, ಹೋಗುವುದು. ಅವತ್ತು ಅವರು ಅಂಗಳ ದಾಟಿ ಜಗಲಿಗೆ ಹತ್ತಿದರು. ಅಮ್ಮ ಚಾಪೆ ಹುಡುಕುವಷ್ಟರಲ್ಲಿ ನೆಲದ ಮೇಲೆಯೇ ಕೂತರು. ಚಹಾ ಕುಡಿಯುತ್ತೀರಾ ಎಂದು ಅಮ್ಮ ಹೆದರಿ ಹೆದರಿ ಕೇಳಿದಳು. ಕುಡಿದರು.

"ನನ್ನ ಕೈ ಹಿಡ್ಕೊಂಡು ಅತ್ತರು ಮಗಾ," ಎಂದಳು ಅಮ್ಮ. "ಸುಜನನಿಗೆ ಒಂದೂ ನೆಲೆ ಆಗ್ಲಿಲ್ಲ ಕಿನ್ನೀ, ಅಂದ್ರು. ಮಂಗಳೂರಿನಿಂದ ಒಂದು ಒಳ್ಳೆ ಸಂಬಂಧ ಬಂದಿದೆ, ಹುಡುಗ ಎಂತ ಮಾಡ್ತಾನೆ ಅಂತ ಕೇಳ್ತಾರೆ, ಎಂತ ಹೇಳುದು? ನಿನ್ನ ಮಗನಿಗೆ ಕೈ ಉಂಟು, ಅವ ಇನ್ನೂ ಹತ್ತು ಸಿನಿಮಾ ಮಾಡ್ತಾನೆ. ಇದೊಂದರ ಹೆಸರು ನನ್ನ ಮಗನಿಗೆ ಕೊಡ್ತೀಯಾ, ಅಂತ ಕೇಳಿದ್ರು."

"ನೀನು ಎಂತ ಹೇಳಿದೆ?" ಎಂದು ಕೇಳಿದ್ದು ನಾನು.

"ಕೊಡ್ತೇನೆ ಅಂದೆ. ಯೋಗೀಶನಿಗೆ ನಾನು ಹೇಳ್ತೇನೆ ಅಂತಲೂ ಅಂದೆ. ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

ಥಿಯೇಟರಿನಲ್ಲಿ ಅವಳು ಅತ್ತದ್ದು ಯಾವುದಕ್ಕೆಂದು ನನಗೆ ಆಗ ತಿಳಿಯಿತು. ನಾವು ದೂರು ಕೊಟ್ಟ ಮೇಲೆ ಪುಷ್ಪಾವತಿ ಮತ್ತೆ ಬಂದಿದ್ದರಂತೆ. ಕಿನ್ನೀ, ನೀನು ಕೊಟ್ಟ ಮಾತು ಏನಾಯಿತು ಎಂದರಂತೆ. ಸಭೆಗೆ ನಿನ್ನನ್ನೇ ಸಾಕ್ಷಿ ಕರೆಯಬೇಕಾಗುತ್ತದೆ ಎಂದರಂತೆ. ಅಮ್ಮ ಅವತ್ತೇ ಪೆಟ್ಟಿಗೆಯನ್ನು ಹೊತ್ತುಕೊಂಡು ಗದ್ದೆಯ ಬದಿಯಿಂದ ಆ ಮನೆಗೆ ಮುಟ್ಟಿಸಿ ಬಂದಳು. ಅರುವತ್ತೈದು ದಾಟಿದ ಹೆಂಗಸು, ಸಾವಿರದ ನೂರು ಹಾಳೆಯ ಭಾರ. ಆ ಹಾಳೆಗಳ ತುಂಬ ಇದ್ದದ್ದು ಅವಳೇ, ಬುಟ್ಟಿ ಎಳೆಯುತ್ತಿರುವ ಅವಳೇ.

ನನಗೆ ತಡೆಯಲಾಗಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಒಂದು ಲೋಟ ಚಹಾಕ್ಕೆ ಮಗನನ್ನು ಮಾರಿದೆ ಎಂದೂ ಹೇಳಿದೆ. ಅಮ್ಮ ಅದಕ್ಕೆ ಸಿಟ್ಟಾಗಲಿಲ್ಲ.

"ಬೈ ಭವ್ಯಾ, ಬೈ. ಆದ್ರೆ ಒಂದು ಕೇಳು," ಎಂದಳು. "ಹುಟ್ಟಿದ ಮೇಲೆ ಇಷ್ಟು ವರ್ಷ ಆ ಮನೆಯವರು ನಮಗೆ ಹೇಳಿದ್ದೇ ಹೇಳಿದ್ದು. ಸುರಂಗ ತೋಡು ಅಂತ ನಿನ್ನ ಅಪ್ಪನಿಗೆ ಹೇಳಿದ್ರು, ತೋಡಿದ. ನಾಳೆ ಬಾ ಅಂತ ನನಗೆ ಹೇಳಿದ್ರು, ಹೋದೆ. ಕೊಡ್ತೀಯಾ ಅಂತ ಕೇಳಿದ್ದು ಅವತ್ತೇ. ನನ್ನ ಹತ್ರ ಕೇಳ್ಬೇಕಾದಂಥದ್ದು ಒಂದು ಉಂಟು ಅಂತ ಅವರಿಗೆ ಗೊತ್ತಾದದ್ದೇ ಅವತ್ತು. ಇಲ್ಲ ಅಂತ ನಾನು ಹೇಗೆ ಹೇಳುದು?"

ಅಣ್ಣ ಜಗಲಿಯಲ್ಲಿ ಕೂತಿದ್ದ. ಆಮೇಲೆ ಫೋನು ತೆಗೆದು ಗೌರೀಶಂಕರರಿಗೆ ಮಾಡಿದ. ನಾನು ದೂರು ಹಿಂದೆ ತೆಗೊಳ್ತೇನೆ ಸರ್, ನಾಳೆ ಬರುವುದಿಲ್ಲ ಎಂದ. ಅವರು ಏನೋ ಕೇಳಿದರು. ಮನೆಯ ವಿಷಯ ಸರ್ ಎಂದು ಹೇಳಿ ಫೋನಿಟ್ಟ.

"ಹೆಡ್ಡಾ!" ಎಂದು ನಾನು ಕಿರುಚಿದೆ. "ಹಾಳೆ ಇಲ್ಲದಿದ್ರೆ ಸಾಯ್ಲಿ, ಕ್ಯಾಮೆರಾದವನಿಲ್ವಾ, ನಟರಿಲ್ವಾ, ನಾನಿಲ್ವಾ ಹೇಳ್ಲಿಕ್ಕೆ?"

"ಅವರು ಅಮ್ಮನನ್ನು ಕರೆಸ್ತಾರೆ ಭವ್ಯಾ. ಅಷ್ಟು ಜನರ ಎದುರು ನಿಂತು ನಾನೇ ಕೊಟ್ಟದ್ದು ಅಂತ ಅಮ್ಮ ಹೇಳ್ಬೇಕು. ಹೇಳ್ತಾಳೆ ಕೂಡ. ಅದನ್ನು ಕೇಳ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಈಗ 2019. ಅಣ್ಣ ಮತ್ತೆ ಕೊಚ್ಚಿಯಲ್ಲಿ ಬೇರೆಯವರ ಸಿನಿಮಾಗಳಿಗೆ ಶಾಟುಗಳನ್ನು ಬಿಡಿಸಿಕೊಡುತ್ತಿದ್ದಾನೆ. ಅವನದೇ ಎಂದು ಹೇಳುವ ಎರಡನೆಯ ಕಥೆ ಅವನ ಹತ್ತಿರ ಇಲ್ಲ. ಇದ್ದದ್ದು ನಮ್ಮ ಅಪ್ಪ ಅಮ್ಮನ ಕಥೆ ಒಂದೇ, ಅದು ಹೋಯಿತು. ಸುಜನನ ಮದುವೆ ಆಯಿತು. ನಾನು ಪ್ರೇಮನಾಥನನ್ನು ಬೈಯುತ್ತೇನೆ, ಪುಷ್ಪಾವತಿಯನ್ನು ಬೈಯುತ್ತೇನೆ. ಆದರೆ ಅವರು ಮಾಡಿದ್ದು ನನಗೆ ಅರ್ಥವಾಗುತ್ತದೆ, ಅವರು ಅವರ ಮಗನಿಗಾಗಿ ಮಾಡಿದರು. ನನ್ನನ್ನು ಒಳಗಿನಿಂದ ತಿನ್ನುವುದು ಅವತ್ತು ಆ ಜಗಲಿಯಲ್ಲಿ ಕೊನೆಗೆ ನಡೆದ ಮಾತು.

ಅಣ್ಣ ಹೊರಡಲು ಎದ್ದಿದ್ದ. ಚಪ್ಪಲಿ ಹಾಕಿಕೊಂಡವನು ತಿರುಗಿ ನಿಂತ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕು ಎಂಬ ಹಾಗೆ ಕೇಳಿದ.

"ಅಮ್ಮ, ಅವರು ನಿನ್ನ ಹತ್ರ ಕೇಳಿದ್ರು. ಕೊಡುವ ಮೊದಲು ನೀನು ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ?"

ಅಮ್ಮ ಅವನ ಮುಖವನ್ನೇ ನೋಡಿದಳು. ಅವನು ಏನು ಕೇಳುತ್ತಿದ್ದಾನೆಂದೇ ಅವಳಿಗೆ ತಿಳಿದಂತಿರಲಿಲ್ಲ.

"ನಿನ್ನ ಹತ್ರವಾ?" ಎಂದಳು. "ನೀನು ನನ್ನ ಮಗ ಅಲ್ವಾ. ನಿನ್ನ ಹತ್ರ ಎಂತ ಕೇಳ್ಲಿಕ್ಕುಂಟು?"